ಪುಂಡಿಪಲ್ಯದ ಕೆಳಗೆ ಪತ್ರಿ

ಯಾದಗಿರಿಯಿಂದ ಸುರಪುರದ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ಕಾರ್ಡು ತೋರಿಸಬೇಕು. ಹೆಸರು, ಫೋಟೊ, ವಿಳಾಸ ಎಲ್ಲ ಇರುವ ಆ ಕಾರ್ಡನ್ನು ಕಂಡಕ್ಟರ್ ಕೈಗೆ ಕೊಡುವಾಗ, ನಾಳೆ ಮರಳಿ ಬರುವಾಗಲೂ ಇದನ್ನು ಕೊಡಬೇಕಲ್ಲ ಎಂದುಕೊಂಡೆ. ಹೋಗುವಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ ಮತ್ತು ಸೋದರತ್ತೆಗೆಂದು ಅವ್ವ ಕೊಟ್ಟ ಸೀರೆ ಮಾತ್ರ ಇದ್ದವು. ಬರುವಾಗ ಅದರಲ್ಲಿ ಗಾಂಜಾ ಇರಲಿತ್ತು.

ನಮ್ಮ ಓಣಿಯಲ್ಲಿ ಒಬ್ಬ ಗುರುವಿನ ಗದ್ದಿಗೆ ಇದೆ. ಛಟ್ಟಿ ಅಮಾವಾಸ್ಯೆಯ ದಿನ ಅದರ ಮುಂದೆ ಒಂದಿಷ್ಟು ಗಾಂಜಾ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಓಣಿಯ ಹಿರಿಯರು ಚಿಲುಮೆಗೆ ಹಾಕಿ ಒಬ್ಬೊಬ್ಬರೇ ಒಂದೊಂದು ಸಲ ಎಳೆದು, ಭಜನೆಗೆ ಕೂಡುತ್ತಾರೆ. ಪೊಲೀಸರು ಗಾಂಜಾ ಅನ್ನುವುದನ್ನು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪತ್ರಿ ಅನ್ನುತ್ತಾರೆ. ಅದು ಬರುವುದು ಸುರಪುರದ ಹತ್ತಿರವಿರುವ ನಮ್ಮ ಹೊಲದಿಂದ. ತರುವ ಕೆಲಸ ಮೊದಲಿನಿಂದಲೂ ಮುತ್ಯಾನದು.

ಈ ಮಳೆಗಾಲದಲ್ಲಿ ಮುತ್ಯಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಗ ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಮಾತು. ಅಪ್ಪ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ‘ಅದರ ಸುದ್ದಿ ನನ್ನ ಮುಂದ ತೆಗೀಬ್ಯಾಡ್ರಿ’ ಎಂದು ಪತ್ರಿಕೆ ಬಿಡಿಸಿಕೊಂಡು ಕುಳಿತರು. ಓಣಿಯ ಗಂಡಸರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ನನ್ನನ್ನು ಮಾತ್ರ ಮುತ್ಯಾ ಕೇಳಲಿಲ್ಲ. ನಾನು ಒಂದು ಕಾಲೇಜಿನ ಗ್ರಂಥಪಾಲಕಿಯ ಹುದ್ದೆಗೆ ಆಯ್ಕೆಯಾಗಿದ್ದೆ. ಪೊಲೀಸ್ ಪರಿಶೀಲನೆ ಮುಗಿಯದೆ ನೇಮಕದ ಆದೇಶ ಬರುವುದಿಲ್ಲ. ನನ್ನ ಹೆಸರಿನಲ್ಲಿ ಒಂದು ಪ್ರಕರಣ ದಾಖಲಾದರೆ ನೌಕರಿ ಹೋದಂತೆಯೇ. ಅದು ಮುತ್ಯಾನಿಗೆ ಗೊತ್ತಿತ್ತು. ಅವರು ಕೇಳುವುದನ್ನು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ಎರಡು ದಿನ ನೋಡಿ, ನಾನೇ ಹೋಗಿ ಬರುತ್ತೇನೆ ಎಂದೆ. ಮುತ್ಯಾ ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಭೀಮಾ ಸೇತುವೆ ದಾಟುವಾಗ ಹೊಳೆಯ ಮೇಲೆ ಇನ್ನೂ ಮಂಜು ಇತ್ತು. ಶಹಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಹಾ ಹತ್ತು ರೂಪಾಯಿ, ಸಕ್ಕರೆ ಹೆಚ್ಚಾಗಿತ್ತು. ಅಲ್ಲಿಂದ ಮುಂದೆ ಕಾಲುವೆಯ ಸೀಮೆ. ದಾರಿಯ ಎರಡೂ ಕಡೆ ಹತ್ತಿ ಬಿಡಿಸುವವರು ಬಗ್ಗಿ ನಿಂತಿದ್ದರು. ಸುರಪುರದಲ್ಲಿ ಇಳಿದು, ಹಳ್ಳಿಗೆ ಹೋಗುವ ಟಂಟಂ ಆಟೊ ಹಿಡಿದೆ. ಇಪ್ಪತ್ತು ರೂಪಾಯಿ. ಮೂವರು ಕೂಡುವ ಸೀಟಿನಲ್ಲಿ ಐವರು ಕುಳಿತಿದ್ದೆವು.

ಹೊಲ ಮಾಡುವವಳು ಅಪ್ಪನ ತಂಗಿ, ನಾಗಮ್ಮತ್ತೆ. ಊರ ಅಗಸೆಬಾಗಿಲ ಹತ್ತಿರವೇ ನಿಂತಿದ್ದಳು.

“ನೀ ಒಬ್ಬಾಕಿನ ಬಂದೇನು? ನಿಮ್ಮಪ್ಪ ಎಲ್ಲಿ?”

“ಮನ್ಯಾಗ ಅದಾರ.”

“ಇರ್ಲಿ ಬಿಡು. ಅಂವಗ ಹುಡುಗರ ಹಾಜರಿ ಕರಿಯೋದು ಬಿಟ್ರ ಯಾವ ಧೈರ್ಯದ ಕೆಲಸ ಬಂದದ.”

ಊಟ ಮಾಡಿ ಹೊಲಕ್ಕೆ ಹೋದೆವು. ತೊಗರಿ ನನಗಿಂತ ಎತ್ತರ ಬೆಳೆದು ಕಾಯಿ ಕಟ್ಟುತ್ತಿತ್ತು. ಅದರ ಸಾಲಿನ ನಡುವೆ ಮೂರು ಗಿಡ ಇದ್ದವಂತೆ. ಈಗ ಮೂರು ಕೂಳೆ ಮಾತ್ರ ಉಳಿದಿದ್ದವು. ಕೊಯ್ದ ಗಿಡಗಳನ್ನು ಅತ್ತೆ ಗುಡಿಸಲಿನ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದ್ದಳು. ನಾವಿಬ್ಬರೂ ಕುಳಿತು ತೆನೆ ಬಿಡಿಸಿದೆವು. ಕೈ ಕಪ್ಪಾಗಿ ಅಂಟಾಯಿತು. ಹಸಿ ಹುಲ್ಲು, ತುಳಸಿ, ಸೀಮೆಎಣ್ಣೆ ಮೂರೂ ಸೇರಿದಂಥ ವಾಸನೆ. ಸಾಬೂನು ಹಚ್ಚಿ ತೊಳೆದರೂ ಹೋಗಲಿಲ್ಲ.

“ಎಷ್ಟು ತಿಕ್ಕತಿ? ಚರ್ಮ ಹೋದೀತು, ವಾಸನಿ ಹೋಗಂಗಿಲ್ಲ” ಎಂದಳು ಅತ್ತೆ.

ಮುತ್ಯಾನ ಹಳೆಯ ಧೋತರದ ತುಂಡಿನಲ್ಲಿ ಅವಳು ಅದನ್ನು ಗಂಟು ಕಟ್ಟಿದಳು. ಎರಡು ಬೊಗಸೆಯಷ್ಟು ಇತ್ತು. ಗಂಟು ನನ್ನ ಕೈಗೆ ಕೊಡುವ ಮೊದಲು ತನ್ನ ಕೈಯಲ್ಲೇ ಹಿಡಿದುಕೊಂಡು ಹೇಳಿದಳು: “ಒಂದು ಮಾತು ಕೇಳು ತಂಗಿ. ದಾರ್ಯಾಗ ಯಾರರ ಪತ್ರಿ ಕೇಳಿದ್ರ ಕೊಡಬೇಕು. ಇಲ್ಲ ಅನ್ನಬಾರದು.”

“ಪೊಲೀಸರು ಕೇಳಿದ್ರ?”

“ಅವ್ರು ಕೇಳಂಗಿಲ್ಲ, ಕಸಗೋತಾರ. ಅದು ಬ್ಯಾರೆ.”

“ಇಲ್ಲ ಅಂದ್ರ ಏನಾಗತದ?”

“ಗದ್ದಿಗಿಗಿ ನಡಿಯಂಗಿಲ್ಲ. ಹೊಳ್ಯಾಗ ಚೆಲ್ಲಿ ಬರಿಗೈಲೆ ಮನಿಗಿ ಹೋಗಬೇಕು. ಅಲ್ಲಿ ಪೂಜಾಕ್ಕಿಂತ ಮೊದಲ ಕೇಳತಾರ, ದಾರ್ಯಾಗ ಯಾರರ ಕೇಳಿದ್ರೇನು ಅಂತ. ಅಲ್ಲಿ ಸುಳ್ಳು ಹೇಳಾಕ ಬರಂಗಿಲ್ಲ.”

ನಾನು ತಲೆಯಾಡಿಸಿದೆ. ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ನನ್ನ ಬಳಿ ಇದೆ ಎಂದು ಯಾರಿಗೂ ಗೊತ್ತಾಗದಿದ್ದರೆ ಯಾರೂ ಕೇಳುವುದಿಲ್ಲ. ಗೊತ್ತಾಗದ ಹಾಗೆ ಇರುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ.

ಮರುದಿನ ಅತ್ತೆ ಗಂಟಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಇಟ್ಟು ಚೀಲ ತುಂಬಿದಳು. ಸುರಪುರದಲ್ಲಿ ಒಂಬತ್ತರ ಬಸ್ಸು ಸಿಕ್ಕಿತು. ಅದು ಶಹಾಪುರದವರೆಗೆ ಮಾತ್ರ. ಕಿಟಕಿಯ ಪಕ್ಕ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕುಳಿತಳು. ಅವಳ ಕಾಲಬುಡದಲ್ಲಿ ಗೋಣಿಚೀಲದ ತುಂಬ ಪುಂಡಿಪಲ್ಯದ ಕಟ್ಟುಗಳು. ಶಹಾಪುರದಲ್ಲಿ ಮಾರಲು ಒಯ್ಯುತ್ತಿದ್ದಳು. ಪುಂಡಿ ನಮ್ಮ ಕಡೆ ದಿನ ಬಿಟ್ಟು ದಿನ ಉಣ್ಣುವ ಹುಳಿ ಸೊಪ್ಪು. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಅಂಚಿಗೆ ಗರಗಸದ ಹಲ್ಲು. ಗಾಂಜಾದ ಎಲೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ ಎಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಬಿಸಿಲು ಏರಿತು. ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಚೀಲ ಬಿಸಿಯಾಗುತ್ತಿದ್ದಂತೆ ವಾಸನೆ ಮೇಲೆ ಬರತೊಡಗಿತು. ನಾನು ಕಿಟಕಿಯ ಗಾಜು ಸರಿಸಿದೆ. ಮುದುಕಿ ಒಮ್ಮೆ ನನ್ನ ಚೀಲ ನೋಡಿದಳು, ಆಮೇಲೆ ಸುಮ್ಮನೆ ಎದುರಿಗೆ ನೋಡುತ್ತ ಕುಳಿತಳು.

ಹತ್ತಿಗುಡೂರ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತೆಗೆ ಅಡ್ಡಲಾಗಿ ಎರಡು ಕಬ್ಬಿಣದ ತಡೆ ಇಟ್ಟಿದ್ದರು. ಇಬ್ಬರು ಪೊಲೀಸರು. ವಯಸ್ಸಾದವರು ಕೆಳಗೆ ಫೋನಿನಲ್ಲಿ ಮಾತಾಡುತ್ತ ನಿಂತರು, ಚಿಕ್ಕವನು ಮೇಲೆ ಹತ್ತಿದ. ಇಪ್ಪತ್ತೈದರ ಒಳಗಿನವನು. ಮಾತಿನಿಂದ ಮೈಸೂರಿನ ಕಡೆಯವನು ಎಂದು ತಿಳಿಯುತ್ತಿತ್ತು. ಮೇಲಿನ ಸಾಮಾನು ಹಲಗೆಯಲ್ಲಿದ್ದ ಚೀಲಗಳನ್ನು ಮುಟ್ಟಿ ನೋಡುತ್ತ, ಕ್ಷಮಿಸಿ, ಸ್ವಲ್ಪ ಜಾಗ ಬಿಡಿ ಎನ್ನುತ್ತ ನಮ್ಮ ಸೀಟಿಗೆ ಬಂದ.

“ಏನು ಮೇಡಂ, ಚೀಲದಲ್ಲಿ?”

“ರೊಟ್ಟಿ, ಶೇಂಗಾ ಹಿಂಡಿ” ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಸರಿಯಾಗಿಯೇ ಬಂತು.

ಅವನು ಮೂಗು ಅರಳಿಸಿದ. “ಏನೋ ವಾಸನೆ ಬರ್ತಿದೆಯಲ್ಲ?”

ಅವನ ಕೈ ನನ್ನ ಚೀಲದ ಬಾಯಿಗೆ ಬರುವ ಮೊದಲೇ ಮುದುಕಿ ಬಗ್ಗಿ, ಒಂದು ಪುಂಡಿಕಟ್ಟು ಎತ್ತಿ ಅವನ ಎದೆಗೇ ಹಿಡಿದಳು. “ಇದರ ವಾಸನಿ ಏನ್ರಿ ಸಾಹೇಬ್ರ? ನೋಡ್ರಿ, ಹಿಡೀರಿ.”

ಅವನು ಎಲೆಯನ್ನು ನೋಡಿದ, ಅದರ ಹಲ್ಲನ್ನು ನೋಡಿದ. ಮುಖ ಬದಲಾಯಿತು. “ಏನಮ್ಮ ಇದು? ಇಷ್ಟೊಂದು ಎಲ್ಲಿಂದ ತಂದೆ? ಟ್ರೈನಿಂಗ್‌ನಲ್ಲಿ ಫೋಟೊ ತೋರಿಸಿದ್ದಾರೆ ನಮಗೆ.”

ಮೊದಲು ನಕ್ಕವನು ಕಂಡಕ್ಟರ್. “ಸರ್, ಅದು ಪುಂಡಿರಿ. ಪಲ್ಯ.”

“ಪಲ್ಯಾನಾ?”

“ಯಪ್ಪಾ, ನಿಮ್ಮವ್ವ ಪುಂಡಿಪಲ್ಯ ಉಣಿಸಿಲ್ಲೇನು ನಿನಗ?” ಮುದುಕಿ ಈಗ ಬಸ್ಸಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು. “ಹಿಂಗಾದ್ರ ಈ ಜಿಲ್ಲಾದಾಗ ಒಂದು ಮನಿ ಬಿಡಂಗಿಲ್ಲ, ಎಲ್ಲಾರನೂ ಜೇಲಿಗಿ ಹಾಕಬೇಕಾಗತದ.”

ಹಿಂದಿನಿಂದ ಯಾರೋ ಕೂಗಿದರು: “ಒಂದು ಎಲಿ ತಿಂದು ನೋಡ್ರಿ ಸಾಹೇಬ್ರ. ಹಲ್ಲು ಜುಮ್ ಅಂದ್ರ ಪುಂಡಿ, ತಲಿ ಜುಮ್ ಅಂದ್ರ ಹಿಡ್ಕೊಂಡು ಹೋಗ್ರಿ.”

ಅವನು ನಿಜವಾಗಿಯೂ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡ. ಹುಳಿಗೆ ಅವನ ಕಣ್ಣು ಮುಚ್ಚಿದವು. ಬಸ್ಸು ಪೂರ್ತಿ ನಕ್ಕಿತು, ಕಡೆಗೆ ಅವನೂ ನಕ್ಕ. “ಸರಿ ಅಜ್ಜಿ, ತಪ್ಪಾಯ್ತು” ಎಂದು ಕಟ್ಟು ಮರಳಿ ಕೊಟ್ಟು, ಹಿಂದಿನ ಸೀಟುಗಳನ್ನು ನೋಡದೆ ಇಳಿದುಹೋದ. ಬಸ್ಸಿನಲ್ಲಿದ್ದವರಲ್ಲಿ ನಗದವಳು ನಾನೊಬ್ಬಳೇ.

ಬಸ್ಸು ಹೊರಟು ಗದ್ದಲ ಶುರುವಾದ ಮೇಲೆ ಮುದುಕಿ ಎದುರಿಗೇ ನೋಡುತ್ತ ಮೆಲ್ಲಗೆ ಅಂದಳು: “ಪುಂಡಿ ಹಂಗ ನಾರಂಗಿಲ್ಲ ಬಿಡವ್ವ.”

ನಾನು ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

“ಯಾವ ಗದ್ದಿಗಿಗಿ ಒಯ್ಯಾಕತ್ತಿ?”

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. “ನಮ್ಮ ಮನ್ಯಾಗ ನಮ್ಮ ಯಜಮಾನನ ಫೋಟೊ ಅದ. ಅಂವಾ ಭಜನಿ ಮನುಷ್ಯಾ. ಅಮಾಸಿಗಿ ಫೋಟೊ ಮುಂದ ಒಂದು ಚಿಟಿಕಿ ಇಡತಿದ್ದೆ. ತಂದು ಕೊಡತಿದ್ದ ಮೈದುನನೂ ಹೋದ. ಒಂದು ಚಿಟಿಕಿ ಕೊಡ್ತೀಯೇನವ್ವ?”

ಇಲ್ಲ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಹೌದು ಎಂದರೆ, ನನ್ನ ಬಳಿ ಇದೆ ಎಂದು ಒಬ್ಬ ಅಪರಿಚಿತಳ ಮುಂದೆ ಒಪ್ಪಿಕೊಂಡಂತೆ. ಅವಳು ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳಿದರೆ? ಪರಿಶೀಲನೆಗೆ ಬರುವ ಪೊಲೀಸರು ಕೇಳುವುದು ಇಂಥ ಮಾತುಗಳನ್ನೇ. ಶಹಾಪುರದ ಬೆಟ್ಟ ಮಲಗಿದ ಮನುಷ್ಯನಂತೆ ದೂರದಿಂದ ಕಾಣತೊಡಗಿತು. ಅದು ಹತ್ತಿರವಾಗುವವರೆಗೂ ನಾನು ಅದನ್ನೇ ನೋಡಿದೆ. ಅವಳು ಇನ್ನೊಮ್ಮೆ ಕೇಳಲಿಲ್ಲ. ಇನ್ನೊಮ್ಮೆ ಕೇಳಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ನಿಲ್ದಾಣದಲ್ಲಿ ಅವಳು ಗೋಣಿಚೀಲ ಎತ್ತಲು ಹೆಣಗುತ್ತಿದ್ದಳು. ಒಂದು ತುದಿ ನಾನು ಹಿಡಿದೆ. ಗೇಟಿನ ಹೊರಗೆ, ಮುಚ್ಚಿದ ಒಂದು ಅಂಗಡಿಯ ಕಟ್ಟೆಯ ಮೇಲೆ ಚೀಲ ಇಳಿಸಿದೆವು. ಜನ ಓಡಾಡುತ್ತಿದ್ದರು, ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ನಾನು ರೊಟ್ಟಿ ತೆಗೆದು ಪಕ್ಕಕ್ಕಿಟ್ಟು ಧೋತರದ ಗಂಟು ಬಿಚ್ಚಿದೆ. “ತಗೋರಿ” ಎಂದೆ.

“ನಾ ತಗೋಬಾರದವ್ವ. ನೀ ಕೊಡಬೇಕು.” ಸೆರಗು ಒಡ್ಡಿದಳು.

ಚಿಟಿಕೆ ಅಂದಿದ್ದಳು. ನಾನು ಒಂದು ಹಿಡಿ ಹಾಕಿದೆ. ಅವಳು ಸೆರಗಿನ ತುದಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಹೆಸರೇನು ನಿಂದು?” ಎಂದಳು. ಹೇಳಿದೆ. ತನ್ನ ಹೆಸರು ಮರೆಮ್ಮ ಎಂದಳು. ಆಮೇಲೆ ಎರಡು ಕಟ್ಟು ಪುಂಡಿ ತೆಗೆದು ನನ್ನ ಚೀಲದಲ್ಲಿ ರೊಟ್ಟಿಯ ಮೇಲೆ ತುರುಕಿದಳು. ನಾನು ಪರ್ಸ್ ತೆಗೆದೆ.

“ಏ, ಇಡು ಒಳಗ. ಯಾರರ ವಾಸನಿ ಅಂದ್ರ ಪುಂಡಿ ತೋರಿಸು. ಅಷ್ಟ ಗಟ್ಟಿ ಒದರಾಕ ಬರತದಿಲ್ಲೋ ನಿನಗ?”

“ಬರಂಗಿಲ್ಲ” ಎಂದೆ.

“ಅದು ಕಂಡದ” ಎಂದು ನಕ್ಕಳು.

ಯಾದಗಿರಿಯ ಬಸ್ಸಿನಲ್ಲಿ ಮತ್ತೆ ಆಧಾರ್ ಕಾರ್ಡು ತೋರಿಸಿದೆ. ಬಿಚ್ಚಿ ಕಟ್ಟಿದ್ದರಿಂದ ವಾಸನೆ ಮೊದಲಿಗಿಂತ ಹೆಚ್ಚಾಗಿತ್ತು. ಕಂಡಕ್ಟರ್ ಚೀಲದ ಕಡೆ ನೋಡಿ, “ಪುಂಡಿ ಎಳೇದದ, ಎಲ್ಲಿ ಸಿಕ್ತು?” ಎಂದ. ಶಹಾಪುರ ಎಂದೆ. ಮತ್ತೆ ಯಾರೂ ಏನೂ ಕೇಳಲಿಲ್ಲ. ಭೀಮಾ ಸೇತುವೆಯ ಮೇಲೆ ಮಧ್ಯಾಹ್ನದ ಬಿಸಿಲಿತ್ತು. ಹೊಳೆಯನ್ನು ನೋಡುತ್ತ, ಇದರಲ್ಲಿ ಚೆಲ್ಲುವ ಪ್ರಸಂಗ ಬರಲಿಲ್ಲ ಎಂದುಕೊಂಡೆ.

ಮನೆಯಲ್ಲಿ ಮುತ್ಯಾ ದಿಂಬಿಗೆ ಒರಗಿ ಕುಳಿತಿದ್ದರು. ಗಂಟನ್ನು ಅವರ ತೊಡೆಯ ಮೇಲಿಟ್ಟೆ. ಬಿಚ್ಚಲಿಲ್ಲ. ಕೈ ಮುಟ್ಟಿಸಿ, “ದಾರ್ಯಾಗ ಯಾರರ ಕೇಳಿದ್ರೇನು?” ಎಂದರು.

“ಒಬ್ಬಾಕಿ ಕೇಳಿದ್ಳು.”

ಅವರು ತಲೆ ಎತ್ತಿದರು. “ಕೊಟ್ಟಿ?”

“ಕೊಟ್ಟೆ.”

ಬಹಳ ಹೊತ್ತು ಗಂಟಿನ ಮೇಲೆ ಕೈ ಆಡಿಸಿದರು. “ನನ್ನ ಒಮ್ಮಿನೂ ಯಾರೂ ಕೇಳಿಲ್ಲ ನೋಡವ್ವ” ಎಂದರು. “ಇಷ್ಟು ವರ್ಷ ತಂದೀನಿ. ಗದ್ದಿಗಿ ಮುಂದ ಪ್ರತಿ ವರ್ಷ ಕೇಳತಾರ, ಯಾರೂ ಕೇಳಿಲ್ರಿ ಅಂತ ಹೇಳಿ ಕೂಡತಿದ್ದೆ.”

“ನಿಮ್ಮ ಮೀಸಿ ನೋಡಿ ಯಾರು ಕೇಳತಾರ್ರಿ ಮಾವಾ” ಎಂದಳು ಅವ್ವ ಅಡುಗೆಮನೆಯಿಂದ. ಮುತ್ಯಾ ಸೊಂಟ ಹಿಡಿದುಕೊಂಡು ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಅಮಾವಾಸ್ಯೆ. ಸಂಜೆ ಮುತ್ಯಾನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಹೋದರು. ನಾನು ಹೆಂಗಸರ ಜೊತೆ ಬಾಗಿಲ ಹೊರಗೆ ನಿಂತಿದ್ದೆ. ಹಿರಿಯರೊಬ್ಬರು ರೂಢಿಯಂತೆ ಮುತ್ಯಾನ ಕಡೆ ತಿರುಗಿ ಆ ಪ್ರಶ್ನೆ ಕೇಳಿದರು.

“ನನ್ನೇನ ಕೇಳತೀರಿ? ತಂದಾಕಿ ಆಕಿ. ಆಕಿನ್ನ ಕೇಳ್ರಿ” ಎಂದರು ಮುತ್ಯಾ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಮಾತಾಡಿ ನನಗೆ ರೂಢಿಯಿಲ್ಲ. “ಕೇಳಿದ್ರು. ಕೊಟ್ಟೀನಿ” ಎಂದೆ. ದನಿ ಒಳಗಿನವರೆಗೆ ಹೋಯಿತು. ಗಂಟು ಬಿಚ್ಚಿದರು. ಹಿಂದಿನ ವರ್ಷಗಳಿಗಿಂತ ಅದು ಕಡಿಮೆ ಇತ್ತು. ಎಷ್ಟು ಕೊಟ್ಟೆ ಎಂದು ಯಾರೂ ಕೇಳಲಿಲ್ಲ.

ಭಜನೆ ಶುರುವಾದ ಮೇಲೆ ಮನೆಗೆ ಬಂದೆ. ಅಪ್ಪ ಎಂದಿನಂತೆ ಗದ್ದಿಗೆಯ ಕಡೆ ಬಂದಿರಲಿಲ್ಲ, ಊಟಕ್ಕೆ ಕುಳಿತಿದ್ದರು. ಅವ್ವ ಶಹಾಪುರದ ಪುಂಡಿಯನ್ನು ಜೋಳದ ನುಚ್ಚು ಹಾಕಿ ಮಾಡಿದ್ದಳು. ಅಪ್ಪ ಎರಡು ತುತ್ತು ಉಂಡು, ತಾಟಿನಿಂದ ಕಣ್ಣು ಎತ್ತದೆ ಕೇಳಿದರು.

“ಈ ಪುಂಡಿ ಕೊಟ್ಟಾಕಿ, ಆಕಿನೇ ಏನು?”

“ಹೌದ್ರಿ” ಎಂದೆ.

ಹೊರಗಿನಿಂದ ಭಜನೆ ಕೇಳಿಬರುತ್ತಿತ್ತು. ದಿನವೂ ಹೊತ್ತು ಮುಳುಗುತ್ತಲೇ ಸೊಳ್ಳೆ ಬರುತ್ತವೆಂದು ಕಿಟಕಿ ಮುಚ್ಚಿಸುವ ಅಪ್ಪ, ಅವತ್ತು ಊಟ ಮುಗಿಯುವವರೆಗೂ ಮುಚ್ಚು ಎನ್ನಲಿಲ್ಲ.