ಕೋರೆರಾಣಿಯ ಹದಿನೆಂಟು ಕೊಕ್ಕೆ

"ಅಮ್ಮಾ, ಹಲ್ಲತ್ತೆ ಇನ್ಮೇಲೆ ರಾಣಿ ಆಗಲ್ವಂತಾ?"

ಚಿನಕುರಳಿ ಹೀಗೆ ಕೇಳಿದಾಗ ಅವಳ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಿ ನೋಡಿದರೆ ಐದು ವರ್ಷದ ಮಗಳ ತಲೆಯ ಮೇಲೆ, ಅಲ್ಲಲ್ಲ, ಮೂಗಿನ ಮೇಲೆ ಕಿರೀಟ! ದೂರದಿಂದ ಮುತ್ತು ಕೂರಿಸಿದಂತೆ ಕಾಣುತ್ತದೆ, ಹತ್ತಿರ ಬಂದರೆ ಎಲ್ಲ ಹಲ್ಲು.

"ಯಾರೇ ಕೊಟ್ಟಿದ್ದು ಇದನ್ನ?"

"ಹಲ್ಲತ್ತೇನೇ. ನೀನೇ ಇಟ್ಕೋ ಪುಟ್ಟಿ, ನನಗಿನ್ನು ಬೇಡ ಅಂದ್ರು. ಆಮೇಲೆ ಮೂಗು ಒರೆಸಿಕೊಂಡ್ರು."

ಹಲ್ಲತ್ತೆ ಅಂದರೆ ಮಹಡಿಯ ಮೇಲೆ ಒಬ್ಬರೇ ಇರುವ, ನಲವತ್ತನಾಲ್ಕು ವರ್ಷದ ಹೆಂಗಸು. ವೈದ್ಯರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡುವುದು ಅವರ ಕಸುಬು. ಮೈ ಕೈ ತುಂಬಿಕೊಂಡ ದೇಹ, ಉಗುರಿನ ಸಂದಿಯಲ್ಲಿ ಸದಾ ಪ್ಲಾಸ್ಟರಿನ ಬಿಳಿ ಪುಡಿ. ಯಾರನ್ನು ಕಂಡರೂ ಮೊದಲು ಬಾಯಿಯ ಕಡೆ ನೋಡುತ್ತಾರೆ. "ಮುಖ ಮರೆತರೂ ಮರೆತೇನು, ಬಾಯಿ ಮರೆಯಲ್ಲ" ಅನ್ನುತ್ತಾರೆ. ಬಣ್ಣ ಹೊಂದದೆ ಮೂಲೆಗೆ ಬಿದ್ದ ಹಲ್ಲುಗಳನ್ನೇ ಕೂಡಿಟ್ಟು ಮಾಡಿದ್ದು ಆ ಕಿರೀಟ.

ಚಿತ್ರಕಥೆಗಳ ಪಾತ್ರದಂತೆ ವೇಷ ಕಟ್ಟಿಕೊಂಡು ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಸೇರುವ ಗುಂಪೊಂದಿದೆ. ಕಾಸ್‌ಪ್ಲೇ ಅಂತಾರೆ ಅದಕ್ಕೆ. ಹಲ್ಲತ್ತೆಗೆ ಮೂರು ವರ್ಷದಿಂದ ಅದೇ ಉಸಿರು. ಮೊದಲು ಹೋಗಿದ್ದು ವೇಷ ಹಾಕಲಿಕ್ಕಲ್ಲ, ಯಾರೋ ಹುಡುಗನಿಗೆ ರಕ್ಕಸನ ಕೋರೆ ಮಾಡಿಕೊಡಲಿಕ್ಕೆ. ಅಂಗಡಿಯ ಪ್ಲಾಸ್ಟಿಕ್ ಕೋರೆ ಹಾಕಿಕೊಂಡರೆ ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ. ಹಲ್ಲತ್ತೆಯ ಕೋರೆ ಹಾಗಲ್ಲ, ಅವರವರ ಬಾಯಿಯ ಅಚ್ಚು ತೆಗೆದು ಮಾಡಿದ್ದು, ಹುಟ್ಟಿನಿಂದಲೇ ಬಂದಂತೆ ಕೂರುತ್ತದೆ. ಈಗ ಗುಂಪಿನ ಅರ್ಧ ಬಾಯಿಗಳು ಅವರ ಕಪಾಟಿನಲ್ಲಿವೆ, ಸಾಲಾಗಿ, ಚೀಟಿ ಅಂಟಿಸಿಕೊಂಡು.

ಈ ಸಲ ಅವರು ತಾವೇ ಕೋರೆರಾಣಿ ಆಗಿದ್ದರು. ಚಿತ್ರಕಥೆಯಲ್ಲಿ ಕೋರೆರಾಣಿಗೆ ಇಪ್ಪತ್ತು ವರ್ಷ, ಸೊಂಟ ಹಿಡಿಯಷ್ಟು. ಅದೇ ತಪ್ಪಾಯಿತು.

ಅಮ್ಮ ಕಿರೀಟವನ್ನು ಸೆರಗಲ್ಲಿ ಒರೆಸಿ, ಮಗಳ ಕೈ ಹಿಡಿದು ಮಹಡಿ ಹತ್ತಿದಳು. ಹಲ್ಲತ್ತೆ ನೆಲದ ಮೇಲೆ ಕೂತು ರಾಣಿಯ ನೀಲಿ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದರು.

"ಏನಕ್ಕಾ ಇದು? ನಾಲ್ಕು ತಿಂಗಳು ಕೂತು ಹೊಲಿದಿದ್ದು!"

"ಒಳ್ಳೇ ಬಟ್ಟೆ ಕಣೇ. ದಿಂಬಿನ ಚೀಲಕ್ಕಾದ್ರೂ ಆಗುತ್ತೆ. ಬರೋ ಭಾನುವಾರದ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ, ತೆಗೆಸಿಬಿಡ್ತೀನಿ. ಸಾಕು, ಈ ಆಟವೇ ಸಾಕು."

ಫೋನು ಅವರೇ ಮುಂದೆ ಮಾಡಿದರು. ಮೂಗಿನ ತನಕ ಬೆಕ್ಕಿನ ಮುಖವಾಡ ಹಾಕಿದ ಹುಡುಗಿಯೊಬ್ಬಳು ವಿಡಿಯೋದಲ್ಲಿ ಹಲ್ಲತ್ತೆಯ ಬೆನ್ನಿನ ಫೋಟೋ ತೋರಿಸಿ ನಗುತ್ತಿದ್ದಳು. ಅಂಗಿಯ ಹಿಂಬದಿ ಬಾಯಿ ತೆರೆದಿತ್ತು, ನಾಲ್ಕು ಪಿನ್ನು ಹೇಗೋ ಹಿಡಿದುಕೊಂಡಿದ್ದವು. "ಕೋರೆರಾಣಿಯೋ, ಕೋರೆರಾಣಿಯ ಅಜ್ಜಿಯೋ? ನೋಡಿ, ನಾಲ್ಕು ಪಿನ್ನಿನ ಮೇಲೆ ನಿಂತ ಸಾಮ್ರಾಜ್ಯ!" ಕೆಳಗೆ ಜನ ತಮಗೆ ತೋಚಿದ್ದು ಬರೆದಿದ್ದರು. ವಯಸ್ಸಿಗೆ ತಕ್ಕ ಪಾತ್ರ ಮಾಡಲಿ, ಮಾಟಗಾತಿ ಇದ್ದಾಳಲ್ಲ ಅಂತ ಒಬ್ಬ. ಪಾತ್ರಕ್ಕೆ ಅವಮಾನ ಅಂತ ಇನ್ನೊಬ್ಬ.

"ಹಿಂದೆ ಹದಿನೆಂಟು ಕೊಕ್ಕೆ. ಕೈ ಎಟುಕಲ್ಲ. ಹಾಕಿಕೊಡಿ ಅಂತ ಇಬ್ಬರು ಮೂವರನ್ನ ಕೇಳಿದೆ. ಕೈಗೆ ಹಚ್ಚಿದ ಬಣ್ಣ ಕೆಡುತ್ತೆ ಆಂಟಿ ಅಂದ್ರು." ಹಲ್ಲತ್ತೆ ದಾರ ಎಳೆದರು. "ಬೈದವರು ಬಿಡು, ಬೈತಾರೆ. ನಾನು ಕೋರೆ ಮಾಡಿಕೊಟ್ಟ ಒಂದು ಬಾಯಿಯಾದ್ರೂ ನನ್ನ ಪರವಾಗಿ ತೆರೀತಾ?"

"ಯಾವಳು ಇವಳು? ಮುಖ ತೋರಿಸೋಕೆ ಧೈರ್ಯ ಇಲ್ಲ!" ಅಂದಳು ಅಮ್ಮ.

ಹಲ್ಲತ್ತೆ ಎದ್ದು ಕಪಾಟಿನಿಂದ ಒಂದು ಅಚ್ಚು ತಂದು ಫೋನಿನ ಪಕ್ಕ ಇಟ್ಟರು. ಮೇಲ್ಸಾಲಿನ ಎಡಗಡೆ ಒಂದು ಹಲ್ಲು, ನೆಂಟರು ಬಂದಾಗ ಅಮ್ಮನ ಹಿಂದೆ ಅಡಗುವ ಮಗುವಿನ ಹಾಗೆ, ಪಕ್ಕದ ಹಲ್ಲಿನ ಹಿಂದೆ ಅರ್ಧ ನಿಂತಿತ್ತು. ಬೆಕ್ಕಿನ ಮುಖವಾಡದ ಕೆಳಗೆ ನಗುತ್ತಿದ್ದ ಬಾಯಲ್ಲೂ ಅದೇ ಮಗು ಹಾಗೇ ಅಡಗಿತ್ತು.

"ಹೂವಿನಂಗಡಿ ಹುಡುಗಿ. ಮುಖ ಮುಚ್ಚಿಕೊಂಡಳು, ಪಾಪ, ಬಾಯಿ ಮುಚ್ಚೋದು ಮರೆತಳು. ಅವಳ ಕೋರೆ ರೆಡಿ ಇದೆ. ನಾಳೆ ಸಂಜೆ ತಗೊಂಡು ಹೋಗೋಕೆ ಬರ್ತಾಳೆ."

"ಕೊಡಬೇಡಿ! ಗುಂಪಿಗೆಲ್ಲ ಹೇಳಿ ಅವಳ ಮಾನ ಕಳೀರಿ. ನಾನಾಗಿದ್ರೆ ಆ ಕೋರೆ ಒಲೆಗೆ ಹಾಕ್ತಿದ್ದೆ."

"ಒಲೆಗೆ ಹಾಕಿದ್ರೆ ಮನೆಯೆಲ್ಲ ನಾತ ಕಣೇ." ನಕ್ಕರು, ಆದರೆ ನಗು ಕಣ್ಣಿಗೆ ಏರಲಿಲ್ಲ. "ಮೊದಲ ಸಲ ಬಂದಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದ್ದು. ಈ ಹಲ್ಲಿಗೆ ಮುಖವಾಡದ ಪಾತ್ರವೇ ಸರಿ ಅಂತ ಗುಂಪಲ್ಲಿ ಯಾರೋ ಅಂದಿದ್ದರಂತೆ. ಅಂದಿನಿಂದ ಬೆಕ್ಕೇ ಬೆಕ್ಕು."

ಅಮ್ಮನಿಗೆ ಕನಿಕರ ಬರಲಿಲ್ಲ. ತನ್ನ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದ ದಿನಗಳಲ್ಲಿ, ತನಗೆ ಜ್ವರ ಬಂದಾಗ, ಕೂಸನ್ನು ಎರಡು ವಾರ ಸೊಂಟದ ಮೇಲೆ ಹೊತ್ತವರು ಈ ಹಲ್ಲತ್ತೆ. ಮರುದಿನ ಸಂಜೆ ಅವಳು ಮಗಳನ್ನು ಕಟ್ಟಿಕೊಂಡು, ನೆಪಕ್ಕೆ ಸೂಜಿದಾರದ ಡಬ್ಬಿ ಹಿಡಿದು, ಮೇಲೆ ಹೋಗಿ ಕೂತೇಬಿಟ್ಟಳು.

ಹೂವಿನಂಗಡಿ ಹುಡುಗಿ ಬಂದಳು. ಹತ್ತೊಂಬತ್ತಿರಬಹುದು. ಕೈಯೆಲ್ಲ ಮುಳ್ಳು ತರಚಿದ ಗೆರೆ. ನೆಲದ ಮೇಲೆ ಬಿಚ್ಚಿಹಾಕಿದ್ದ ನೀಲಿ ಅಂಗಿ ಕಂಡಿತು, ಚಿನಕುರಳಿಯ ಮೂಗಿನ ಮೇಲಿನ ಕಿರೀಟ ಕಂಡಿತು. ಕೈ ಬಾಯಿಗೆ ಹೋಯಿತು.

"ಕೂತ್ಕೋ. ಬಾಯಿ ಬಿಡು," ಅಂದರು ಹಲ್ಲತ್ತೆ.

ಹುಡುಗಿ ಇಷ್ಟೇ ಇಷ್ಟು ಬಿಟ್ಟಳು.

"ಅಷ್ಟು ಸಾಲದು. ವಿಡಿಯೋದಲ್ಲಿ ಬಿಟ್ಟಿದ್ದೆಯಲ್ಲ, ಅಷ್ಟು ಬಿಡು."

ಅಮ್ಮನ ಸೂಜಿ ನಿಂತಿತು. ಹುಡುಗಿ ಏನೋ ಹೇಳಹೊರಟಳು, ಆದರೆ ಹಲ್ಲತ್ತೆಯ ಎರಡು ಬೆರಳು ಆಗಲೇ ಬಾಯೊಳಗಿದ್ದವು. ಹೇಳಲಿಕ್ಕಾಗದ ಮಾತು ಕಣ್ಣಲ್ಲಿ ಇಳಿಯಿತು. ಹಲ್ಲತ್ತೆ ಕೋರೆ ಕೂರಿಸಿದರು, ತೆಗೆದರು, ಚೂರು ಉಜ್ಜಿದರು, ಮತ್ತೆ ಕೂರಿಸಿದರು. ಸಿಟ್ಟಿನಲ್ಲಿ ಒಂದು ಸಲವೂ ಒತ್ತಲಿಲ್ಲ.

"ಕಚ್ಚು. ಎಲ್ಲಾದ್ರೂ ಚುಚ್ಚುತ್ತಾ?"

"ಇಲ್ಲ ಆಂಟಿ." ಬಿಕ್ಕಿದಳು. "ಎಲ್ಲರೂ ನಿಮ್ಮನ್ನ ನೋಡಿ ನಗ್ತಾ ಇದ್ದಷ್ಟು ಹೊತ್ತು ನನ್ನನ್ನ ನೋಡಿ ಯಾರೂ ನಗಲಿಲ್ಲ ಆಂಟಿ. ಅದಕ್ಕೇ... ಆ ವಿಡಿಯೋ ಈಗಲೇ ತೆಗೆದುಬಿಡ್ತೀನಿ."

"ತೆಗಿ," ಅಂದರು. ಬೇಡ, ಇರಲಿ ಬಿಡು ಅನ್ನಲಿಲ್ಲ. "ಅದು ಆಗಲೇ ಎಲ್ಲೆಲ್ಲಿಗೋ ಹೋಗಿದೆ, ತೂರಿದ ಹೊಟ್ಟು ಆರಿಸೋಕಾಗಲ್ಲ. ಆದರೂ ತೆಗಿ. ಆ ಅಡಗಿದ ಹಲ್ಲಿನ ಮೇಲೇ ನಿನ್ನ ಕೋರೆ ಗಟ್ಟಿಯಾಗಿ ಕೂತಿದೆ, ನೋಡಿಕೋ. ನೆಟ್ಟಗಿರೋ ಹಲ್ಲಿನ ಮೇಲೆ ಇಷ್ಟು ಚೆನ್ನಾಗಿ ಕೂರಲ್ಲ."

ಕನ್ನಡಿಯ ಮುಂದೆ ಹುಡುಗಿ ಕೈ ಇಳಿಸಿದಳು. ಚಿನಕುರಳಿ ಹತ್ತಿರ ಹೋಗಿ ಇಣುಕಿ, "ಅಬ್ಬಾ, ನೀನು ಕಚ್ತೀಯಾ?" ಅಂದಳು. ಹುಡುಗಿ ಅಳುತ್ತಲೇ ಗುರ್ರೆಂದಳು.

ಅವಳು ಹೋದ ಮೇಲೆ ಹಲ್ಲತ್ತೆ ಕೈ ತೊಳೆದುಕೊಂಡು ಬಂದು ಅಂಗಿಯ ಮುಂದೆ ಕೂತರು, ಕತ್ತರಿ ಮಾತ್ರ ಮುಟ್ಟಲಿಲ್ಲ. ಅಮ್ಮ ಅಂಗಿಯನ್ನು ಅವರ ಬೆನ್ನಿಗೆ ಹಿಡಿದು ಗೇಣು ಹಾಕಿ ನೋಡಿದಳು.

"ಮೂರು ಬೆರಳಷ್ಟು ಬಟ್ಟೆ ಕಮ್ಮಿ, ಅಷ್ಟೇ. ಎರಡೂ ಕಡೆ ಪಟ್ಟಿ ಕೊಟ್ಟರೆ ಮುಗೀತು. ನನ್ನ ಬಸುರಿ ದಿನದ ಲಂಗ ಹೀಗೇ ಅಗಲ ಮಾಡಿದ್ದು. ನೀವು ಬಿಚ್ಚಿದ್ದನ್ನ ಈಗಲೇ ಹೊಲಿದುಬಿಡ್ತೀನಿ."

"ಕೋರೆರಾಣಿಗೆ ಬಸುರಿ ಲಂಗದ ಉಪಾಯ!"

"ರಾಣಿಯರು ಹೆರಲ್ವಾ?"

ಈ ಸಲ ನಗು ಕಣ್ಣಿಗೂ ಏರಿತು. ಚಿನಕುರಳಿ ಕಿರೀಟ ತೆಗೆದು, ಒಂದು ಕ್ಷಣ ಎದೆಗವಚಿಕೊಂಡು, ಆಮೇಲೆ ಹಲ್ಲತ್ತೆಯ ತೊಡೆಯ ಮೇಲಿಟ್ಟಳು. "ನನ್ನ ಮೂಗಿಗೆ ಬರುತ್ತೆ. ನೀವೇ ಇಟ್ಕೊಳ್ಳಿ."

ಹಲ್ಲತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಸಡಿಲವಾಗಿದ್ದ ಒಂದು ಹಲ್ಲನ್ನು ಹೆಬ್ಬೆರಳಲ್ಲಿ ಒತ್ತಿದರು.

"ಭಾನುವಾರ ಬೆಳಗ್ಗೆ ಬಿಡುವಿದ್ಯೇನೇ? ಹಾಲ್‌ಗೆ ನನ್ನ ಜೊತೆ ಬಂದು ಆ ಹದಿನೆಂಟು ಕೊಕ್ಕೆ ಹಾಕಿಕೊಡ್ತೀಯಾ? ಹೊಟ್ಟೆ ಒಳಗೆ ಎಳ್ಕೊಳ್ಳಿ ಅಂತ ಮಾತ್ರ ಹೇಳಬೇಡ, ತಾಯಿ."