ಪಟ್ಟೆ ಚಾದರ ತೋರಿಸಿದ ಬೀರೋಬಾನ ಮುಖ

ಸೊಲ್ಲಾಪುರ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ, ಚಳಿಗಾಲ. ಆಗಿನ್ನೂ ಎಪ್ಪತ್ತರ ದಶಕ. ಫೋಟೋ ನೋಡಿ ವಸ್ತುವಿನ ಉಬ್ಬುತಗ್ಗು ಲೆಕ್ಕಹಾಕುವುದನ್ನು ಗಣಕಯಂತ್ರಕ್ಕೆ ಕಲಿಸುವುದು ಮುಂಬಯಿಯಲ್ಲಿ ನನ್ನ ಸಂಶೋಧನೆಯಾಗಿತ್ತು. ಮಣ್ಣಿನ ಗಡಿಗೆಯ ಆಕಾರ ಸರಿಯಾಗಿ ಬರುತ್ತಿತ್ತು. ಹೊಳೆಯುವ ಹಿತ್ತಾಳೆ ಮಾತ್ರ ಎರಡು ವರ್ಷ ಸತಾಯಿಸಿತ್ತು. ಅದು ಎದುರಿಗಿದ್ದದ್ದನ್ನೆಲ್ಲ ತೋರಿಸುತ್ತದೆ, ತನ್ನನ್ನು ತೋರಿಸುವುದಿಲ್ಲ.

ಕರೆಸಿದವರು ಸೋದರಮಾವ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವರ ಚಾದರದ ಮಗ್ಗಗಳಿದ್ದವು. ಅಲ್ಲಿ ನೇಯುವ ಬೀರಪ್ಪನ ಊರಮನೆಯಲ್ಲಿ ಮನೆದೇವರು ಬೀರೋಬಾನ ಹಳೆಯ ಹಿತ್ತಾಳೆ ಮುಖವಿತ್ತು. ದುಧನಿಗೆ ಹೋಗಿ ನೆಲೆಸಿದ ತಮ್ಮನಿಗೂ ಅಂಥದೇ ಬೇಕಿತ್ತು. ಅಚ್ಚಿಗಾಗಿ ದೇವರಿಗೆ ಮೇಣ ಮೆತ್ತಲು ಅವರ ತಾಯಿ ಬಾಳವ್ವ ಬಿಡಲಿಲ್ಲ. "ನಮ್ಮ ಅಕ್ಕನ ಮಗಳು ಮುಟ್ಟದಂಗ ಅಳತಿ ತಗೀತಾಳ" ಎಂದು ಮಾವ ಮಾತು ಕೊಟ್ಟುಬಿಟ್ಟಿದ್ದರು!

ಮಾಮಿ ಮಾಡಿದ ಮಂಡಕ್ಕಿ ಸುಸಲಾ ತಿಂದು, ಮಾವ ಕೊಟ್ಟ ಹೊಸ ಚಾದರ ಹೊದ್ದು, ಬೀರಪ್ಪನ ಜೊತೆ ಸರ್ಕಾರಿ ಬಸ್ಸು ಹತ್ತಿದೆ. ಅಕ್ಕಲಕೋಟಕ್ಕೆ ಸುಮಾರು ನಲವತ್ತು ಕಿಲೋಮೀಟರು, ಟಿಕೆಟ್ಟು ಎರಡು ರೂಪಾಯಿ. ದಾರಿಯುದ್ದಕ್ಕೂ ತೆನೆ ಬಿಟ್ಟ ಬಿಳಿಜೋಳ. ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಎರಡು ಮೈಲಿ ನಡೆದು ಬೀರಪ್ಪನ ಊರು ಸೇರಿದೆವು.

"ಬರ್ರಿ ಬಾಯಿ, ಮೊದಲ ರೊಟ್ಟಿ ಉಣ್ರಿ" ಎಂದಳು ಬಾಳವ್ವ. ಕಡಕ್ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಕೆನೆಮೊಸರು. ಊಟದ ನಂತರ, ಹೊಳಪು ಅಡಗಿಸಲು ದೇವರ ಮುಖಕ್ಕೆ ಸ್ವಲ್ಪ ಪೌಡರ್ ಹಚ್ಚಬಹುದೇ ಎಂದು ಹೆದರುತ್ತಲೇ ಕೇಳಿದೆ.

"ಪೌಡರ್ ಯಾಕ? ಲಗ್ನಕ್ಕ ಹೊಂಟಾನೇನು?" ಎಂದಳು ಬಾಳವ್ವ.

ಮನೆಯವರೆಲ್ಲ ನಕ್ಕರು. ಅಂಗಳದ ಕಟ್ಟೆಯ ಮೇಲೆ ದೇವರನ್ನು ಕೂರಿಸಿ ಕ್ಯಾಮೆರಾ ಹಿಡಿದೆ. ಮೂಗಿನ ಮೇಲೆ ಸೂರ್ಯ, ಗಲ್ಲದ ಮೇಲೆ ನಾನು. ಬಿಸಿಲು ಮರೆಮಾಡಲು ಚಾದರವನ್ನು ಎದುರಿನ ಹಗ್ಗಕ್ಕೆ ಹಾಕಿದೆ. ಈಗ ಮುಖದ ತುಂಬ ಅದರ ಪಟ್ಟೆಗಳು! ಬೇಸರದಿಂದ ಎಳೆಯಹೋದೆ.

"ತಗೀಬ್ಯಾಡ್ರಿ!" ಎಂದಳು ಬಾಳವ್ವ. "ಗಲ್ಲದ ಮ್ಯಾಲ ನೋಡ್ರಿ. ಪಟ್ಟಿ ಡೊಂಕ ಆದಲ್ಲಿ ತಗ್ಗ ಅದ. ಹುಣಸಿಹಣ್ಣಿಲೆ ತಿಕ್ಕೂಮುಂದ ನನ್ನ ಸೀರಿ ದಡಿ ನೋಡಿ ತಗ್ಗ ಹುಡುಕ್ತೀನಿ."

ಪಟ್ಟೆ ನೇರ ಎಂಬುದು ಗೊತ್ತು, ಅಗಲ ಗೊತ್ತು, ದೂರವನ್ನು ಅಳೆಯಬಹುದು. ಪ್ರತಿಬಿಂಬದಲ್ಲಿ ಅದು ಎಷ್ಟು ಬಾಗಿದೆ ಎಂಬುದರಿಂದ ಹಿತ್ತಾಳೆ ಅಲ್ಲಿ ಎಷ್ಟು ಓರೆಯಾಗಿದೆ ಎಂದು ಲೆಕ್ಕ ಸಿಗುತ್ತದೆ! ಬಾಳವ್ವನ ಕೈ ಹಿಡಿದು ಕುಣಿದೇಬಿಟ್ಟೆ. ಬೀರಪ್ಪ ಚಾದರವನ್ನು ಉದ್ದಕ್ಕೆ, ಅಡ್ಡಕ್ಕೆ ಬಿಗಿಯಾಗಿ ಕಟ್ಟಿಕೊಟ್ಟ. ಸಂಜೆಯೊಳಗೆ ಇಡೀ ರೀಲು ಮುಗಿಯಿತು.

ಮುಂಬಯಿಗೆ ಮರಳಿ, ಫೋಟೋಗಳನ್ನು ದೊಡ್ಡದು ಮಾಡಿಸಿ, ಪಟ್ಟೆಗಳ ಬಾಗನ್ನು ಅಳೆದು ರಂಧ್ರಕಾರ್ಡುಗಳಲ್ಲಿ ತುಂಬಿದೆ. ಯಂತ್ರ ಕೊಟ್ಟ ಅಂಕಿಗಳಂತೆ ಮೂಗು, ಗಲ್ಲಗಳ ಉಬ್ಬುತಗ್ಗಿನ ಅಂಚನ್ನು ರಟ್ಟಿನಲ್ಲಿ ಕತ್ತರಿಸಿ, ಕಂಚಗಾರನಿಗೆ ಅಳತೆಯಾಗಲೆಂದು ಮಾವನಿಗೆ ಅಂಚೆಯಲ್ಲಿ ಕಳಿಸಿದೆ. ಮೂರು ವಾರಕ್ಕೆ ಮಾವನ ಪತ್ರ ಬಂತು. ಬಾಳವ್ವ ರಟ್ಟುಗಳನ್ನು ದೇವರ ಎದುರು ಹಿಡಿದು ನೋಡಿ ಹೇಳಿದ ಮಾತನ್ನು ಹಾಗೇ ಬರೆದಿದ್ದರು:

"ಮೂಗು ಬರೋಬ್ಬರಿ ಅದ. ಎಡಗಲ್ಲ ಮಾತ್ರ ಜೋಳದ ಕಾಳಿನಷ್ಟು ಹೆಚ್ಚಾಗ್ಯದ. ತಿದ್ದಿ ಕಳಸಂತ ಬಾಯಾರಿಗಿ ಹೇಳ್ರಿ, ಕಂಚಗಾರ ಕಾಯ್ಕೋತ ಕುಂತಾನ."

ಓಡಿಹೋಗಿ ಕಾರ್ಡು ತೆಗೆದು ನೋಡಿದೆ. ಯಂತ್ರದ ತಪ್ಪಲ್ಲ. ಎಡಗಲ್ಲದಲ್ಲಿ ಒಂದು ಪಟ್ಟೆಯನ್ನು ನಾನೇ ಎರಡು ಸಲ ಎಣಿಸಿದ್ದೆ.