ಸೂರ್ಯದೇವಿಯನ್ನು ಉಳಿಸಲು ಇಳಕಲ್ಲಿಗೆ

ಬಾಗಲಕೋಟೆಯಲ್ಲಿ ಒಂಬತ್ತೂವರೆಯ ಇಳಕಲ್ ಬಸ್ಸು ಹತ್ತಿದೆ. ಹೆಣ್ಣುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಆಧಾರ್ ತೋರಿಸಿ ಕಿಟಕಿಯ ಪಕ್ಕ ಕುಳಿತೆ. ಮನಸ್ಸು ಮಾತ್ರ ಕೂರಲಿಲ್ಲ.

ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸಿದ ಗುರುಗಳು ನಿವೃತ್ತರಾಗಿ ಇಳಕಲ್ಲಿನಲ್ಲಿದ್ದಾರೆ. ಪಶ್ಚಿಮ ಏಷ್ಯಾದ ಪ್ರಾಚೀನ ಸೆಮಿಟಿಕ್ ಜನರು ಸೂರ್ಯ, ಚಂದ್ರ, ನಕ್ಷತ್ರಗಳನ್ನು ಪೂಜಿಸಿದ ಬಗೆಯ ಮೇಲೆ ಹತ್ತು ವರ್ಷ ಕೂತು ಪುಸ್ತಕ ಬರೆದು, ಕರಡು ತಿದ್ದಲು ನನಗೆ ಕೊಟ್ಟಿದ್ದರು. ದಕ್ಷಿಣ ಅರೇಬಿಯದ ಅಧ್ಯಾಯದಲ್ಲಿ ಸೂರ್ಯ ‘ದೇವಿ’, ಶುಕ್ರ ‘ದೇವ’ ಎಂದಿತ್ತು. ನನಗೆ ಗೊತ್ತಿದ್ದದ್ದು ಬಾಬಿಲೋನಿನ ಕಥೆಯಷ್ಟೇ: ಅಲ್ಲಿ ಸೂರ್ಯನಾದ ಶಮಶ್ ಗಂಡು, ಶುಕ್ರನಾದ ಇಷ್ಟಾರ್ ಹೆಣ್ಣು. ಗುರುಗಳ ಕೈತಪ್ಪೆಂದು ತಿಳಿದು ಅಧ್ಯಾಯದುದ್ದಕ್ಕೂ ಅದಲುಬದಲು ಮಾಡಿ ನೇರ ಇಳಕಲ್ಲಿನ ಮುದ್ರಣಾಲಯಕ್ಕೆ ಕಳಿಸಿಬಿಟ್ಟಿದ್ದೆ. ಆ ಬೆಳಿಗ್ಗೆ ನನ್ನ ತರಗತಿಯ ಪಾಠಕ್ಕೆಂದು ತೆರೆದ ಪುಸ್ತಕವೊಂದರಲ್ಲಿ ಕಂಡಿತು: ದಕ್ಷಿಣ ಅರೇಬಿಯದ ಯೆಮೆನ್ ಕಡೆಯ ಸಬಾ ಜನರಿಗೆ ಸೂರ್ಯ ದೇವಿಯೇ, ಶುಕ್ರನೇ ಅತ್ತರ್ ಎಂಬ ಗಂಡುದೇವರು. ಆ ಅಧ್ಯಾಯದ ಅಚ್ಚು ಶುರುವಾಗುವುದು ಅಂದೇ. ಗುರುಗಳೂ ಮುದ್ರಣಾಲಯದವರೂ ಫೋನ್ ಎತ್ತಲಿಲ್ಲ.

ಕಮತಗಿಯಲ್ಲಿ ಮತ್ತೆ ಫೋನ್ ಮಾಡಿದೆ. ಉತ್ತರವಿಲ್ಲ. ಅಮೀನಗಡದಲ್ಲಿ ಡ್ರೈವರ್ ಚಹಾಕ್ಕೆಂದು ಇಳಿದ. ಕರದಂಟಿನ ಮಿಠಾಯಿ ಅಂಗಡಿಗಳಿಂದ ತುಪ್ಪದ ವಾಸನೆ ಬರುತ್ತಿತ್ತು. ನನಗೆ ಹಸಿವೇ ಇರಲಿಲ್ಲ. ಪಕ್ಕದಲ್ಲಿ ಸೀರೆಯ ಗಂಟು ಹಿಡಿದು ಕುಳಿತಿದ್ದ ನೇಕಾರ ಹೆಂಗಸು ಕೇಳಿದಳು:

“ಯಾಕವಾ, ಮನ್ಯಾಗ ಯಾರಿಗರ ಆರಾಮಿಲ್ಲೇನು?”

“ಹಂಗೇನಿಲ್ರಿ. ಒಂದ ತಪ್ಪ ಮಾಡೇನಿ, ಹೇಳಾಕ ಹೊಂಟೇನಿ.”

“ಹಂಗಾದ್ರ ಹೋದಕೂಡ್ಲೆ ಹೇಳಿಬಿಡು. ಚಹಾಪಾಣಿ ಆಮ್ಯಾಲೆ.”

ಹುನಗುಂದ ದಾಟಿ ಇಳಕಲ್ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಉರಿಬಿಸಿಲಲ್ಲಿ ಓಡಿದೆ. ಗುರುಗಳು ಮುದ್ರಣಾಲಯದಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಅಚ್ಚಾದ ಹಾಳೆ.

“ಸರ್, ಆ ಅಧ್ಯಾಯ ನಾ ಕೆಡಿಸೇನ್ರಿ.”

“ಈಗಷ್ಟ ನೋಡಿದ್ನಿ. ಮಷಿನ್ ನಿಲ್ಲಿಸೇನಿ,” ಎಂದರು. ಹಾಳೆಯನ್ನು ಪಕ್ಕಕ್ಕಿಟ್ಟು ಕೇಳಿದರು: “ನನ್ನ ಯಾಕ ಒಂದ ಮಾತ ಕೇಳಲಿಲ್ಲವಾ?”

ಹೊತ್ತು ಸಿಗಲಿಲ್ಲ ಎನ್ನಬಹುದಿತ್ತು. ಇದ್ದದ್ದನ್ನೇ ಹೇಳಿದೆ.

“ವಯಸ್ಸಾತು, ಮರತೀರಿ ಅನ್ಕೊಂಡೆರಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮರೀತೇನಿ. ನಿನ್ನೆ ಈ ಕನ್ನಡಕ ಎಲ್ಲಿಟ್ಟೆ ಅನ್ನೋದನ್ನ ಮರತಿದ್ದೆ. ಇದನ್ನ ಮರತಿಲ್ಲ.”

ಕೆಟ್ಟ ಹಾಳೆಗಳು ರದ್ದಿಗೆ ಹೋದವು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಅಧ್ಯಾಯವನ್ನು ಮೊದಲಿನಂತೆ ಮಾಡಿದೆವು. ನಾಲ್ಕಕ್ಕೆ ಯಂತ್ರ ಮತ್ತೆ ಓಡಿತು. ಇನ್ನೂ ತಿದ್ದಬೇಕಿದ್ದ ಅಧ್ಯಾಯಗಳ ಕರಡಿನ ಕಟ್ಟಿಗೆ ನಾನು ಎಂದಿನಂತೆ ಕೈ ಚಾಚಿದೆ. ಅವರು ಅದನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಇವು ನನ್ನ ಕಡೆ ಇರ್ಲಿ. ನೀ ಹೊಂಡು, ಬಸ್ ತಪ್ಪತೈತಿ.”

ಬಾಗಿಲಲ್ಲಿ ತಿರುಗಿ ನೋಡಿದೆ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ತಲೆ ಎತ್ತಲಿಲ್ಲ.